ಬೋರ್ಡಿಗೊಬ್ಬ ತಮ್ಮ

ಗಾಂಧಿ ಚೌಕದ ಹತ್ತಿರ ನಮ್ಮ ಕಾಕಾ ಅವರ ಖಾನಾವಳಿ ಇದೆ. ಹೊಸ ಬೋರ್ಡಿಗೆ ನಾನು ಆರಿಸಿದ್ದು 'ಬಲೂ ತಮ್ಮ' ಫಾಂಟ್. ಮುಂಬೈನ ಏಕ್ ಟೈಪ್ ತಂಡ ಮಾಡಿದ್ದು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತೆ. ದಪ್ಪ ಗೆರೆ, ದುಂಡು ತುದಿ. ಕನ್ನಡದ ಅಕ್ಷರ ಮೊದಲೇ ದುಂಡಗಿರೋದ್ರಿಂದ ಚೆನ್ನಾಗಿ ಒಪ್ಪುತ್ತೆ. ಅಂಗಡಿ ಹೆಸರು ರಸ್ತೆಯಾಚೆಯಿಂದಲೇ ಕಾಣಿಸಿತು.

ಅದೇ ಖುಷಿಯಲ್ಲಿ ದರಪಟ್ಟಿಯನ್ನೂ ಅದರಲ್ಲೇ ಸಣ್ಣದಾಗಿ ಹಾಕಿದೆ. "ತಮ್ಮಾ, ಊಟಕ್ಕ ಎಷ್ಟ್ ಬರದೀ? ಕಾಣವಲ್ದು" ಅಂದ್ರು ಕಾಕಾ.

ನಿಜ. ಗೆರೆ ದಪ್ಪವಾದಷ್ಟೂ ಅಕ್ಷರದೊಳಗಿನ ಖಾಲಿ ಜಾಗ ಕಡಿಮೆ. ಸಣ್ಣ ಸೈಜಿನಲ್ಲಿ ಒತ್ತಕ್ಷರಗಳೇ ಮೊದಲು ಮುಚ್ಚಿಹೋಗುತ್ತವೆ. 'ಬಲೂ ತಮ್ಮ 2' ಐದು ದಪ್ಪಗಳಲ್ಲಿದೆ. ಹೆಸರಿಗೆ ಅತಿ ದಪ್ಪದ್ದು, ದರಪಟ್ಟಿಗೆ ರೆಗ್ಯುಲರ್ ಇಟ್ಟು ಮತ್ತೆ ಪ್ರಿಂಟ್ ಹಾಕಿಸಿದೆ.

ನೀವೂ ಫೋನಿನಲ್ಲಿ ಆಮಂತ್ರಣ ಮಾಡಿದರೆ, ಕಳಿಸೋ ಮುಂಚೆ ಮನೆಯ ಹಿರಿಯರ ಕೈಲಿ ಒಮ್ಮೆ ಓದಿಸಿ.