ಮಣೆ ತಿರುಗಿಸುವ ನ್ಯಾಯ

ಕಳೆದ ದಸರೆಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಅವನಿಗೂ ನನಗೂ ಚದುರಂಗದ ಹುಚ್ಚು. ಅವನು ಹೈಸ್ಕೂಲಿನಲ್ಲಿದ್ದಾಗಲೇ ಹತ್ತಿಕೊಂಡದ್ದು. ಜೊತೆಗೆ ತಂದಿದ್ದ ಪುಟ್ಟ ಗಣಕಯಂತ್ರದ ತೆರೆಯ ಮೇಲೆ ಅವನು ಒಂದು ಆಟವನ್ನು ತೋರಿಸಿದ. ಆಡುತ್ತಿದ್ದವರು ಮನುಷ್ಯರಲ್ಲ, ಎರಡು ಎಂಜಿನ್‌ಗಳು. ಚದುರಂಗ ಆಡುವುದಕ್ಕೆಂದೇ ಬರೆದ ಗಣಕದ ಪ್ರೋಗ್ರಾಮುಗಳಿಗೆ ಈಗ ಆ ಹೆಸರು. ಗಡಿಯಾರ ಆಗತಾನೆ ಓಡಲು ತೊಡಗಿತ್ತು. ಆದರೆ ಕಾಯಿಗಳು ತಮ್ಮ ತಮ್ಮ ಮನೆಗಳಲ್ಲಿ ಇರಲಿಲ್ಲ. ಎರಡು ಪಕ್ಷಗಳೂ ಆಗಲೇ ಎಂಟೆಂಟು ನಡೆ ನಡೆದಿದ್ದವು.

“ಈ ನಡೆಗಳನ್ನು ಆಡಿದವರು ಯಾರಪ್ಪ?” ಎಂದು ಕೇಳಿದೆ.

“ಇಬ್ಬರೂ ಅಲ್ಲ, ಮೇಷ್ಟ್ರೇ. ಇಲ್ಲಿಂದ ಆಡಿ ಎಂದು ಬೇರೊಬ್ಬರು ಇಟ್ಟುಕೊಟ್ಟದ್ದು” ಎಂದ.

ಇದು ನನಗೆ ವಿಚಿತ್ರವಾಗಿ ಕಂಡಿತು. ಇಬ್ಬರು ಜಟ್ಟಿಗಳನ್ನು ಅಖಾಡಕ್ಕೆ ಕರೆತಂದು, ಒಬ್ಬನ ಕೈಯನ್ನು ಇನ್ನೊಬ್ಬನ ಹೆಗಲ ಮೇಲೆ ನಾವೇ ಇರಿಸಿ, ‘ಇನ್ನು ಹಿಡಿಯಿರಿ’ ಎಂದ ಹಾಗೆ. ಹೀಗೇಕೆ ಮಾಡುತ್ತಾರೆ, ಆ ‘ಬೇರೊಬ್ಬರು’ ಯಾರು, ಅವರು ಏನನ್ನು ನೋಡಿ ಆರಿಸುತ್ತಾರೆ ಎಂದು ಆಮೇಲೆ ಹುಡುಕಿಕೊಂಡು ಹೋದೆ. ಮೂವತ್ತು ವರ್ಷ ಪ್ರಶ್ನೆಪತ್ರಿಕೆ ತಯಾರಿಸಿದ ನನ್ನಂಥವನಿಗೆ ಅದರಲ್ಲಿ ತನ್ನದೇ ಕಸುಬಿನ ಪ್ರಶ್ನೆ ಎದುರಾಯಿತು.

ಮೊದಲನೆಯ ಕಾರಣ ಸರಳವಾದದ್ದು. ಯಂತ್ರಗಳು ಈಗ ಮನುಷ್ಯನನ್ನು ಬಹುದೂರ ಹಿಂದೆ ಹಾಕಿವೆ. ಸಮಬಲದ ಎರಡು ಯಂತ್ರಗಳನ್ನು ಆರಂಭದ ಸ್ಥಾನದಿಂದಲೇ ಆಡಲು ಬಿಟ್ಟರೆ ಎರಡೂ ತಪ್ಪು ಮಾಡುವುದಿಲ್ಲ. ಆಟ ಡ್ರಾ ಆಗುತ್ತದೆ. ಬಲದಲ್ಲಿ ಸ್ಪಷ್ಟವಾದ ಅಂತರವಿದ್ದಾಗಲೂ ಅದು ಪೂರ್ತಿ ಹೊರಬೀಳುವುದಿಲ್ಲ. ಆಲ್ಫಾಜೀರೋ ಎಂಬ ಯಂತ್ರ ಸ್ಟಾಕ್‌ಫಿಶ್ ಎಂಬುದರೊಡನೆ ಆಡಿದ 1000 ಆಟಗಳ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಗೆದ್ದದ್ದು 155, ಸೋತದ್ದು 6. ಉಳಿದ 839 ಆಟಗಳೂ ಡ್ರಾ. ಆ ಸಂಶೋಧಕರಿಗೂ ಒಂದೇ ಸ್ಥಾನದಿಂದ ಆಡಿಸಿದರೆ ಸಾಲದೆನ್ನಿಸಿರಬೇಕು. ಮನುಷ್ಯರು ಸಾಮಾನ್ಯವಾಗಿ ಆಡುವ ಆರಂಭಗಳಿಂದಲೂ, 2016ರ ಯಂತ್ರ ಪಂದ್ಯಾವಳಿಯೊಂದಕ್ಕೆ ಆರಿಸಿದ್ದ ಸ್ಥಾನಗಳಿಂದಲೂ ಮತ್ತೆ ಆಡಿಸಿ ನೋಡಿದರು.

ಎರಡನೆಯ ಕಾರಣ ಇನ್ನೊಂದು. ಯಂತ್ರಕ್ಕೆ ಬೇಸರವೆಂಬುದಿಲ್ಲ. ಅದೇ ಸ್ಥಾನ, ಅಷ್ಟೇ ಸಮಯ ಕೊಟ್ಟರೆ ಅದು ಹೆಚ್ಚುಕಡಿಮೆ ಅದೇ ದಾರಿಯನ್ನು ತುಳಿಯುತ್ತದೆ. ನೂರು ಆಟ ಆಡಿಸಿದೆವೆಂದು ನಾವು ಎಣಿಸಿಕೊಂಡರೂ, ನೋಡಿದ್ದು ನಾಲ್ಕೇ ಆಟವಾಗಿರಬಹುದು. ಒಬ್ಬ ಹುಡುಗನಿಗೆ ಒಂದೇ ಲೆಕ್ಕವನ್ನು ನೂರು ಸಲ ಕೊಟ್ಟು ಗಣಿತದಲ್ಲಿ ಅವನ ಯೋಗ್ಯತೆಯನ್ನು ಅಳೆದ ಹಾಗೆ.

ಹಾಗಾದರೆ ಆರಂಭದ ನಡೆಗಳನ್ನು ಪ್ರತಿಯೊಂದು ಯಂತ್ರಕ್ಕೂ ಅದರದರ ಒಡೆಯರೇ ಕಲಿಸಿಕೊಡಬಹುದಲ್ಲ? ಹಿಂದೆ ಹಾಗೆಯೇ ಇತ್ತು. ಪ್ರತಿ ಯಂತ್ರಕ್ಕೂ ‘ಓಪನಿಂಗ್ ಬುಕ್’ ಎಂಬ ನಡೆಗಳ ಸಂಗ್ರಹವನ್ನು ಬಲ್ಲವರು ಬರೆದುಕೊಡುತ್ತಿದ್ದರು. 1997ರ ಮೇ 11ರಂದು ನ್ಯೂಯಾರ್ಕಿನಲ್ಲಿ ಐ.ಬಿ.ಎಂ.ನ ಡೀಪ್ ಬ್ಲೂ ಯಂತ್ರ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು ಆರನೆಯ ಆಟದಲ್ಲಿ ಸೋಲಿಸಿತಷ್ಟೆ. ಅದುವರೆಗೆ ಇಬ್ಬರಿಗೂ ಎರಡೂವರೆ ಅಂಕ. ಆ ಆಟದ ಎಂಟನೆಯ ನಡೆಯಲ್ಲಿ ಯಂತ್ರ ತನ್ನ ಕುದುರೆಯನ್ನು ಒಂದು ಪದಾತಿಗಾಗಿ ಬಲಿಕೊಟ್ಟಿತು. ಹತ್ತೊಂಬತ್ತನೆಯ ನಡೆಯ ಹೊತ್ತಿಗೆ ಕಾಸ್ಪರೋವ್ ಕೈಚೆಲ್ಲಿದರು. ಜಗತ್ತು ಬೆರಗಾಯಿತು. ಆದರೆ ಆ ಬಲಿದಾನವನ್ನು ಯಂತ್ರ ಯೋಚಿಸಿ ಕಂಡುಕೊಂಡದ್ದಲ್ಲ. ಅದರ ಪುಸ್ತಕದಲ್ಲಿ ಮನುಷ್ಯರು ಮೊದಲೇ ಬರೆದಿಟ್ಟಿದ್ದ ನಡೆ ಅದು. ಹಾಗಿರುವಾಗ ಆ ನಡೆಯ ಹೆಗ್ಗಳಿಕೆ ಯಂತ್ರದ್ದೊ, ಪುಸ್ತಕದ್ದೊ?

ಎರಡು ಯಂತ್ರಗಳ ನಡುವೆ ಪಂದ್ಯ ಏರ್ಪಟ್ಟಾಗ ಈ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಪುಸ್ತಕಗಳು ಬೇರೆಬೇರೆಯಾದರೆ ಗೆದ್ದದ್ದು ಯಾವುದು ಎಂದು ಹೇಳುವುದು ಹೇಗೆ? ಆದುದರಿಂದ ಪುಸ್ತಕವನ್ನು ಯಂತ್ರದ ಕೈಯಿಂದ ಕಿತ್ತುಕೊಂಡು, ಎರಡಕ್ಕೂ ಒಂದೇ ಸ್ಥಾನವನ್ನು ಕೊಡುವ ಪದ್ಧತಿ ಬೆಳೆಯಿತು. 1990ರ ದಶಕದಲ್ಲಿ ಇಂಗ್ಲೆಂಡಿನ ಗ್ರ್ಯಾಂಡ್‌ಮಾಸ್ಟರ್ ಜಾನ್ ನನ್, ಗಣಿತದಲ್ಲಿ ಡಾಕ್ಟರೇಟ್ ಪಡೆದವರು, ಇದಕ್ಕಾಗಿಯೇ ಹತ್ತು ಸ್ಥಾನಗಳನ್ನು ಆರಿಸಿಕೊಟ್ಟರು. ಪ್ರತಿಯೊಂದರಿಂದಲೂ ಎರಡು ಆಟ. ಮೊದಲ ಆಟದಲ್ಲಿ ಬಿಳಿ ಆಡಿದ ಯಂತ್ರ ಎರಡನೆಯದರಲ್ಲಿ ಕರಿ. ಹತ್ತು ಪ್ರಶ್ನೆ, ಇಪ್ಪತ್ತು ಆಟ. ಇಷ್ಟು ಸಣ್ಣ ಏರ್ಪಾಡಿನಲ್ಲಿ ಮುಂದಿನದರ ಬೀಜವೆಲ್ಲ ಇತ್ತು.

ನಾರ್ವೆಯ ಮಾರ್ಟಿನ್ ಥೋರೆಸನ್ 2010ರಲ್ಲಿ ಆರಂಭಿಸಿದ ಪಂದ್ಯಾವಳಿ ಇಂದು ‘ಟಾಪ್ ಚೆಸ್ ಎಂಜಿನ್ ಚಾಂಪಿಯನ್‌ಷಿಪ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. 2019ರಲ್ಲಿ ಮುಗಿದ ಅದರ ಹದಿನಾಲ್ಕನೆಯ ಆವೃತ್ತಿಯ ಅಂತಿಮ ಸ್ಪರ್ಧೆಯಲ್ಲಿ ನೂರು ಆಟಗಳಿದ್ದವು. ಎಂದರೆ ಐವತ್ತು ಆರಂಭಗಳು. ಒಂದೊಂದಕ್ಕೂ ಎರಡು ಆಟ. ಸ್ಟಾಕ್‌ಫಿಶ್ 50½, ಲೀಲಾ ಎಂಬ ಎದುರಾಳಿ 49½. ನೂರರಲ್ಲಿ 81 ಡ್ರಾ. ಹತ್ತು ಗೆಲುವು ಅತ್ತ, ಒಂಬತ್ತು ಇತ್ತ. ಆರಂಭಗಳನ್ನು ಜಾಣತನದಿಂದ ಆರಿಸಿದಾಗಲೇ ಹೀಗೆ. ಆ ಪಂದ್ಯಾವಳಿಯ ಅಂತಿಮ ಸ್ಪರ್ಧೆಗಳಿಗೆ ಆರಂಭಗಳನ್ನು ಆರಿಸಿದವರಲ್ಲಿ ಹಾಲೆಂಡಿನ ಯೆರೂನ್ ನೋಮೆನ್ ಹೆಸರಾದವರು. ಹಿಂದೆ ರೆಬೆಲ್, ರಿಬ್ಕಾ ಮುಂತಾದ ಯಂತ್ರಗಳಿಗೆ ಪುಸ್ತಕ ಬರೆದುಕೊಟ್ಟವರು. ಒಂದು ಪಕ್ಷದ ವಕೀಲರಾಗಿದ್ದವರು ಇಬ್ಬರಿಗೂ ಪ್ರಶ್ನೆ ಹಾಕುವ ಪರೀಕ್ಷಕರಾದರು.

ಆರಿಸುವುದು ಹೇಗೆ? ಸಮತೂಕದ ಸ್ಥಾನವೇ ನ್ಯಾಯವಾದ ಸ್ಥಾನ ಎಂದು ಯಾರಿಗಾದರೂ ಮೊದಲು ತೋಚುತ್ತದೆ. ನನಗೂ ತೋಚಿತು. ಅದು ತಪ್ಪು. ಸಮತೂಕದ ಸ್ಥಾನವನ್ನು ಎರಡು ಯಂತ್ರಗಳೂ ಡ್ರಾ ಮಾಡಿ ಮುಗಿಸುತ್ತವೆ, ನಮಗೇನೂ ತಿಳಿಯುವುದಿಲ್ಲ. ಬಿಳಿಯ ಕಡೆಗೆ ತೀರ ವಾಲಿದ ಸ್ಥಾನ ಕೊಟ್ಟರೆ ಬಿಳಿ ಆಡಿದವರೆಲ್ಲ ಗೆಲ್ಲುತ್ತಾರೆ. ಜೋಡಿ ಆಟಗಳಲ್ಲಿ ಒಂದಕ್ಕೊಂದು ವಜಾ ಆಗಿ ಮತ್ತೆ ಏನೂ ತಿಳಿಯುವುದಿಲ್ಲ. ಇವೆರಡರ ನಡುವೆ ಒಂದು ಕಿರಿದಾದ ಗಡಿ ಇದೆ. ಅಲ್ಲಿ ಬಿಳಿ ಚೆನ್ನಾಗಿ ಆಡಿದರೆ ಗೆಲ್ಲಬಹುದು, ಕರಿ ಚೆನ್ನಾಗಿ ಆಡಿದರೆ ಉಳಿದುಕೊಳ್ಳಬಹುದು. ಪ್ರಶ್ನೆ ಬದುಕಿರುವುದು ಅಲ್ಲಿ ಮಾತ್ರ. ಸ್ಟಾಕ್‌ಫಿಶ್ ಕೊಡುವ ಅಂಕವನ್ನು 2022ರಲ್ಲಿ ಹೊಸದಾಗಿ ಹೊಂದಿಸಿದಾಗ, ಒಂದು ಪದಾತಿಯಷ್ಟು ಮೇಲುಗೈ ಎಂದರೆ ಗೆಲ್ಲುವ ಸಾಧ್ಯತೆ ಅರ್ಧಕ್ಕರ್ಧ ಎಂದು ಗೊತ್ತುಮಾಡಿದರು. ಆರಿಸುವವರಿಗೆ ಬೇಕಾದದ್ದು ಆ ಅಂಕದ ಆಸುಪಾಸಿನ ನೆಲ. ಆ ಯಂತ್ರವನ್ನು ತಿದ್ದಿ ತೀಡುವವರು ತಮ್ಮ ಪರೀಕ್ಷೆಗೂ ಮನುಷ್ಯರು ನಿಜವಾಗಿ ಆಡಿದ ಆಟಗಳಿಂದ ಹೆಕ್ಕಿದ, ಬೇಕೆಂದೇ ವಾಲಿರುವ ಸಾವಿರಾರು ಆರಂಭಗಳನ್ನು ಬಳಸುತ್ತಾರೆ.

ವಾಲಿದ ಸ್ಥಾನ ಕೊಡುವುದು ಅನ್ಯಾಯವಲ್ಲವೆ? ಒಂದೇ ಆಟವಾದರೆ ಅನ್ಯಾಯವೇ. ಆದರೆ ಮಣೆಯನ್ನು ತಿರುಗಿಸಿ ಇನ್ನೊಮ್ಮೆ ಆಡಿಸುತ್ತಾರಲ್ಲ, ನ್ಯಾಯ ಇರುವುದು ಅಲ್ಲಿ. ಕಬಡ್ಡಿಯಲ್ಲಿ ಅರ್ಧ ಆಟವಾದ ಮೇಲೆ ಪಕ್ಕ ಬದಲಿಸುತ್ತಾರೆ. ಬಯಲಿನಲ್ಲಿ ಆಡುವಾಗ ಬಿಸಿಲು ಒಂದು ಕಡೆಯವರ ಕಣ್ಣಿಗೆ ಹೊಡೆಯುತ್ತದೆ. ಅದಕ್ಕಾಗಿ ನಾವು ಸೂರ್ಯನನ್ನು ನಡುನೆತ್ತಿಯಲ್ಲಿ ನಿಲ್ಲಿಸಲು ಹೋಗುವುದಿಲ್ಲ. ಬಿಸಿಲನ್ನು ಇಬ್ಬರೂ ಸರದಿಯ ಮೇಲೆ ಅನುಭವಿಸುವಂತೆ ಮಾಡುತ್ತೇವೆ. ಹಾಗೆ ಆಡಿಸಿದ ಮೇಲೆ ಲೆಕ್ಕವನ್ನೂ ಬಿಡಿ ಆಟಗಳಲ್ಲಿ ಅಲ್ಲ, ಜೋಡಿಗಳಲ್ಲಿ ಹಿಡಿಯಬೇಕು. ಒಂದು ಜೋಡಿಯಲ್ಲಿ ಒಬ್ಬನಿಗೆ ಸೊನ್ನೆ, ಅರ್ಧ, ಒಂದು, ಒಂದೂವರೆ, ಎರಡು, ಹೀಗೆ ಐದೇ ಬಗೆಯ ಅಂಕ ಸಾಧ್ಯ. ಒಂದು ಬಂದರೆ ಇಬ್ಬರೂ ಸಮ. ಒಂದೂವರೆ ಬಂದರೆ ಅನುಕೂಲವನ್ನು ಗೆಲುವಾಗಿಸಿ, ಪ್ರತಿಕೂಲದಲ್ಲಿ ಉಳಿದುಕೊಂಡ ಎಂದರ್ಥ. ಎರಡು ಬಂದರೆ ಮಾತಿಗೆ ಎಡೆಯಿಲ್ಲ.

ಈ ಕಿರಿದಾದ ಗಡಿಯ ವಿಷಯ ಓದುತ್ತಿದ್ದಾಗ ನನಗೆ ಒಂದು ಹಳೆಯ ತಪ್ಪು ನೆನಪಾಗದೆ ಇರಲಿಲ್ಲ. ನಮ್ಮ ಶಾಲೆಯಲ್ಲಿ ದಾನಿಯೊಬ್ಬರು ಇಟ್ಟಿದ್ದ ಒಂದು ವಿದ್ಯಾರ್ಥಿವೇತನವಿತ್ತು. ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ಮೊದಲಿಗನಾದವನಿಗೆ. ಒಂದು ವರ್ಷ ಪ್ರಶ್ನೆಪತ್ರಿಕೆ ನನ್ನದು. ಯಾರಿಗೂ ಅನ್ಯಾಯವಾಗಬಾರದು, ಎಲ್ಲರಿಗೂ ಗೊತ್ತಿರುವುದನ್ನೇ ಕೇಳಬೇಕು ಎಂದು ಪತ್ರಿಕೆಯನ್ನು ಹದವಾಗಿ, ಸಮವಾಗಿ ಬರೆದೆ. ಏಳು ಹುಡುಗರಿಗೆ ನೂರಕ್ಕೆ ನೂರು ಬಂತು. ಕೊನೆಗೆ ಚೀಟಿ ಎತ್ತಿದರು. ಆ ಏಳು ಜನರಲ್ಲಿ ಒಬ್ಬ, ನಾನು ತರಗತಿಯಲ್ಲಿ ತೋರಿಸಿಕೊಟ್ಟ ದಾರಿ ಬಿಟ್ಟು ತನ್ನದೇ ದಾರಿಯಲ್ಲಿ ಲೆಕ್ಕ ಬಿಡಿಸುತ್ತಿದ್ದವನು, ಮನೆಯಲ್ಲಿ ಅನುಕೂಲವಿಲ್ಲದವನು. ಅವನ ಚೀಟಿ ಬರಲಿಲ್ಲ. ಅವನನ್ನು ಸೋಲಿಸಿದ್ದು ಚೀಟಿ ಎಂದು ಎಲ್ಲರೂ ಅಂದುಕೊಂಡರು. ಸೋಲಿಸಿದ್ದು ನನ್ನ ಪತ್ರಿಕೆ. ಯಾರಿಗೂ ನೋವಾಗದಂತೆ ಕೇಳಿದ ಪ್ರಶ್ನೆಗೆ ಯಾರನ್ನೂ ಗುರುತಿಸುವ ಶಕ್ತಿ ಇರುವುದಿಲ್ಲ.

ಆಯ್ಕೆಯ ಕೆಲಸವನ್ನೂ ಯಂತ್ರಕ್ಕೇ ಬಿಡಬಹುದಲ್ಲ ಎಂದು ಕೇಳಬಹುದು. ಅಂಕ ನೋಡಿ ಸೋಸುವುದನ್ನು ಯಂತ್ರ ಮಾಡುತ್ತದೆ, ಮಾಡಲಿ. ಅಳತೆಗೆ ಅಷ್ಟು ಸಾಕು. ಆದರೆ ನೋಡುವವರಿಗಾಗಿ ನಡೆಯುವ ಪಂದ್ಯಾವಳಿಗೆ ಅಷ್ಟೇ ಸಾಲದು. ಒಂದೇ ಜಾತಿಯ ಐವತ್ತು ಸ್ಥಾನ ಬಂದರೆ ಒಂದು ಯಂತ್ರದ ಒಂದೇ ಕೌಶಲ ಹೊರಗೆ ಬಂದೀತು. ಬಾಗಿಲು ಹಾಕಿಕೊಂಡು ಕೂರುವ ಸ್ಥಾನ, ರಾಜನ ಮೇಲೆ ಎರಗುವ ಸ್ಥಾನ, ಒಂದು ಪದಾತಿಯನ್ನು ತೆತ್ತು ವೇಗವನ್ನು ಕೊಳ್ಳುವ ಸ್ಥಾನ, ಎಲ್ಲವೂ ಬೇಕು. ಮೊದಲೇ ತಿಳಿದುಹೋಗದಂತೆ ಗುಟ್ಟೂ ಬೇಕು. ಇಲ್ಲವಾದರೆ ಅದು ಬಯಲಾದ ಪ್ರಶ್ನೆಪತ್ರಿಕೆಯೇ.

ಹೀಗೆ ಆರಿಸುವವರಿಗೆ ಪ್ರಿಯವಾದದ್ದು ‘ಕಿಂಗ್ಸ್ ಇಂಡಿಯನ್’ ಎಂಬ ಆರಂಭ. ಕರಿ ಪಕ್ಷ ಮಣೆಯ ನಡುಭಾಗವನ್ನು ಎದುರಾಳಿಗೆ ಬಿಟ್ಟುಕೊಟ್ಟು, ಬದಿಯಿಂದ ಅದರ ಮೇಲೆ ಕಣ್ಣಿಡುತ್ತದೆ. ಯಂತ್ರಗಳಿಗೆ ಇದು ಅಷ್ಟಾಗಿ ಒಪ್ಪಿಗೆಯಿಲ್ಲ. ಬಿಳಿಗೆ ಮೇಲುಗೈ ಎನ್ನುತ್ತವೆ. ಆದುದರಿಂದಲೇ ಅದು ಒಳ್ಳೆಯ ಪ್ರಶ್ನೆ. ಆ ಹೆಸರಿನಲ್ಲಿರುವ ‘ಇಂಡಿಯನ್’ ಸುಮ್ಮನೆ ಬಂದದ್ದಲ್ಲ. 1850ರ ಸುಮಾರಿನಲ್ಲಿ ಕಲ್ಕತ್ತೆಯಲ್ಲಿ ಮಹೇಶಚಂದ್ರ ಬ್ಯಾನರ್ಜಿ ಎಂಬ ಬಂಗಾಳಿ ಆಟಗಾರ, ಜಾನ್ ಕಾಕ್ರೇನ್ ಎಂಬ ಬ್ರಿಟಿಷ್ ಆಟಗಾರನೊಡನೆ ಇಂಥ ನಡೆಗಳನ್ನು ಆಡುತ್ತಿದ್ದ. ನಮ್ಮ ದೇಶೀ ಪದ್ಧತಿಯಲ್ಲಿ ಪದಾತಿಗೆ ಮೊದಲ ನಡೆಯಲ್ಲಿ ಎರಡು ಮನೆ ಜಿಗಿಯುವ ಹಕ್ಕಿರಲಿಲ್ಲ. ಒಂದೊಂದೇ ಮನೆ ಸರಿದು ಕಾಯಿಗಳನ್ನು ಕಟ್ಟಿಕೊಳ್ಳುವ ಆ ಅಭ್ಯಾಸ ಅಂದಿನ ಯೂರೋಪಿನ ಕಣ್ಣಿಗೆ ವಿಲಕ್ಷಣವಾಗಿ ಕಂಡಿತು. ಇಂದು ಸೆಕೆಂಡಿಗೆ ಕೋಟಿಗಟ್ಟಲೆ ಸ್ಥಾನಗಳನ್ನು ತಡಕುವ ಯಂತ್ರ ಆ ಮನೆಯ ಬಾಗಿಲಲ್ಲಿ ನಿಂತು ತನ್ನ ಮೊದಲ ಯೋಚನೆಯನ್ನು ಆರಂಭಿಸಬೇಕು. ಉತ್ತರದಲ್ಲಿ ನಾವು ಸೋತಿದ್ದೇವೆ. ಕೇಳುವುದು ಇನ್ನೂ ನಮ್ಮ ಕೈಯಲ್ಲಿದೆ.

ಅಂದು ಮನೆಗೆ ಬಂದಿದ್ದ ವಿದ್ಯಾರ್ಥಿ, ಚೀಟಿ ಬಾರದೆ ಹೋದ ಆ ಹುಡುಗನೇ. ಅವನು ಆ ಮಾತನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಯಂತ್ರಗಳ ಆಟ ಮುಗಿದ ಮೇಲೆ ಅಟ್ಟದ ಮೇಲಿದ್ದ ನನ್ನ ಹಳೆಯ ಮಣೆಯನ್ನು ಇಳಿಸಿ, ತೆರೆಯ ಮೇಲೆ ಕಂಡಿದ್ದ ಅದೇ ಸ್ಥಾನವನ್ನು ಜೋಡಿಸಿದೆವು. ಬಿಳಿ ನನ್ನದಾಯಿತು. ಮೇಲುಗೈ ಇದ್ದೂ ಸೋತೆ. ಮಣೆ ತಿರುಗಿಸಿದೆವು. ಅದನ್ನೂ ಸೋತೆ. ಅಂಕ ಎರಡಕ್ಕೆ ಸೊನ್ನೆ.

ಎಷ್ಟೋ ವರ್ಷಗಳ ಹಿಂದೆ ನಾನು ಕೇಳಬೇಕಾಗಿದ್ದ ಪ್ರಶ್ನೆಗೆ ಅವನು ಅಂದು ಉತ್ತರ ಬರೆದ.