ಮರುಕಳಿಸುವ ಕಾಮಾಲೆ: ಅಲಕ್ಷ್ಯ ಸಲ್ಲದು

ಶಿಕಾರಿಪುರ, ಸೊರಬ ಸೀಮೆಯ ಹಲವು ಮನೆಗಳಲ್ಲಿ ಮಗುವಿನ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ನಾಟಿ ಔಷಧಿ. ವೈರಾಣುವಿನಿಂದ ಬರುವ ಕಾಮಾಲೆ ಬಹುಮಟ್ಟಿಗೆ ತಾನಾಗಿಯೇ ಇಳಿಯುವುದರಿಂದ ಆ ನಂಬಿಕೆ ಬಲಗೊಂಡಿದೆ. ಆದರೆ ಹೊಟ್ಟೆನೋವಿನೊಡನೆ ಮತ್ತೆ ಮತ್ತೆ ಮರಳುವ ಕಾಮಾಲೆಯ ಹಿಂದೆ ಜನ್ಮಜಾತ ದೋಷವೊಂದು ಅಡಗಿರಬಹುದು. ಪಿತ್ತನಾಳ ಚೀಲದಂತೆ ಉಬ್ಬಿರುವ ಈ ದೋಷ ವಿರಳವಾದರೂ ಏಷ್ಯಾದಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಹೆಚ್ಚಾಗಿ ಕಾಣುತ್ತದೆ.

ಯಕೃತ್ತಿನ ಪಿತ್ತವೂ ಮೇದೋಜೀರಕ ಗ್ರಂಥಿಯ ರಸವೂ ಕರುಳಿನ ಗೋಡೆಯಲ್ಲಿ ಕೂಡುವುದು ಸಹಜ ಕ್ರಮ. ಈ ದೋಷವುಳ್ಳ ಅನೇಕರಲ್ಲಿ ಎರಡು ನಾಳಗಳೂ ಅದಕ್ಕೆ ಮುನ್ನವೇ ಕೂಡಿರುತ್ತವೆ. ಆಗ ಜೀರ್ಣರಸವು ಹಿಮ್ಮುಖವಾಗಿ ಪಿತ್ತನಾಳಕ್ಕೆ ನುಗ್ಗುತ್ತದೆ. ಅದರ ಕಿಣ್ವವು ಪಿತ್ತದ ಲೆಸಿಥಿನ್ನನ್ನು ಲೈಸೋಲೆಸಿಥಿನ್ ಎಂಬ ಕಟುವಸ್ತುವಾಗಿ ಮಾರ್ಪಡಿಸುತ್ತದೆ. ನಾಳದ ಒಳಪೊರೆ ವರ್ಷಗಟ್ಟಲೆ ಬೆಂದು, ಮಾಯ್ದು, ಮತ್ತೆ ಬೆಂದು, ಕೆಲವರಲ್ಲಿ ಕ್ಯಾನ್ಸರಿಗೆ ಎಡೆಯಾಗುತ್ತದೆ. ವಯಸ್ಸಿನೊಡನೆ ಅಪಾಯವೂ ಏರುತ್ತದೆ.

ಹಿಂದೆ ಚೀಲವನ್ನು ಉಳಿಸಿಕೊಂಡೇ ಕರುಳಿಗೆ ಜೋಡಿಸುತ್ತಿದ್ದರು. ಉಳಿದ ಚೀಲದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡದ್ದರಿಂದ, ಈಗ ಚೀಲವನ್ನೂ ಪಿತ್ತಕೋಶವನ್ನೂ ತೆಗೆದು, ಯಕೃತ್ತಿನ ನಾಳವನ್ನು ಕರುಳಿಗೆ ಸೇರಿಸುತ್ತಾರೆ. ಅಪಾಯ ಬಹಳ ತಗ್ಗಿದರೂ ಜೀವನಪರ್ಯಂತ ತಪಾಸಣೆ ಅಗತ್ಯ.

ಆದುದರಿಂದ ಕಾಮಾಲೆ ಮರುಕಳಿಸಿದರೆ, ಶಿಶುವಿನ ಮಲ ಬಿಳಿಚಿದರೆ, ತಡಮಾಡದೆ ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ತೋರಿಸಬೇಕು. ನೋವಿಲ್ಲದ ಅಲ್ಟ್ರಾಸೌಂಡ್ ಪರೀಕ್ಷೆಯೇ ಬಹುಪಾಲು ಈ ಚೀಲದ ಸುಳಿವನ್ನು ಕೊಡುತ್ತದೆ.