ಸಹಿ ಹಾಕುವ ಮೊದಲು: ಹೊರದೇಶದ ಓದಿಗೆ ಸರಕಾರದ ನೆರವು



ಹೊರದೇಶ ನಮಗೆ ಹೊಸತಲ್ಲ. ಭಟ್ಕಳದ ಎಷ್ಟೋ ಮನೆಗಳ ಗಂಡಸರು ದುಬೈ, ಸೌದಿಯಲ್ಲಿ ಇದ್ದಾರೆ. ಹೊನ್ನಾವರ, ಕುಮಟಾದಿಂದಲೂ ಹೋದವರಿದ್ದಾರೆ. ಅವರು ದುಡಿಯಲು ಹೋದವರು. ಈಗ ನಮ್ಮ ಮಕ್ಕಳು ಬೇರೆ ಮಾತು ಹೇಳುತ್ತಿದ್ದಾರೆ. "ಅಮ್ಮ, ನಾನು ಓದಲಿಕ್ಕೆ ಹೋಗ್ತೇನೆ" ಅನ್ನುತ್ತಾರೆ.

ಕೇಳಿ ಸಂತೋಷ ಆಗುತ್ತದೆ. ಜೊತೆಗೆ ಹೆದರಿಕೆಯೂ ಆಗುತ್ತದೆ. ದುಡ್ಡು ಎಲ್ಲಿಂದ ತರುವುದು? ಅಷ್ಟರಲ್ಲಿ ಯಾರಾದರೂ ಮನೆಗೆ ಬಂದು ಹೀಗೆ ಹೇಳಬಹುದು: "ಸರಕಾರದ ಸ್ಕಾಲರ್‌ಶಿಪ್ ಇದೆ ಅಕ್ಕ. ನಾನು ಮಾಡಿಸಿ ಕೊಡ್ತೇನೆ. ಇಲ್ಲೊಂದು ಸಹಿ ಹಾಕಿ."

ಮೊದಲು ನೀವು ಹೆಬ್ಬೆಟ್ಟು ಒತ್ತುತ್ತಿದ್ದಿರಿ. ಈಗ ಸಹಿ ಹಾಕುತ್ತೀರಿ. ಆದರೆ ಸಹಿಗಿಂತ ಮೊದಲು ಒಂದು ಕೆಲಸ ಇದೆ. ಕಾಗದವನ್ನು ಓದುವುದು. ಏನು ಓದಬೇಕು? ನೋಡೋಣ.

ಎರಡು ಮಾತು ಹುಡುಕಿ

ಕಾಗದದಲ್ಲಿ ಎರಡು ಮಾತು ಹುಡುಕಿ.

ಒಂದು ಮಾತು: ವಿದ್ಯಾರ್ಥಿವೇತನ. ಅಂದರೆ ಸ್ಕಾಲರ್‌ಶಿಪ್. ಷರತ್ತು ಪಾಲಿಸಿದರೆ ಈ ಹಣವನ್ನು ಹಿಂದೆ ಕೊಡಬೇಕಾಗಿಲ್ಲ.

ಇನ್ನೊಂದು ಮಾತು: ಸಾಲ. ಇದನ್ನು ಬಡ್ಡಿ ಸಮೇತ ತೀರಿಸಬೇಕು. ಓದಿಗಾಗಿ ಬ್ಯಾಂಕು ಸಾಲ ಕೊಡುತ್ತದೆ. ಏಳೂವರೆ ಲಕ್ಷಕ್ಕಿಂತ ಹೆಚ್ಚು ಬೇಕಾದರೆ ಸಾಮಾನ್ಯವಾಗಿ ಮನೆ, ಜಮೀನು ಅಡವು ಕೇಳುತ್ತದೆ. ಸಾಲ ಕೆಟ್ಟದ್ದು ಅಂತ ನಾವು ಹೇಳುವುದಿಲ್ಲ. ಆದರೆ ಸಾಲದ ಕಾಗದಕ್ಕೆ ಸ್ಕಾಲರ್‌ಶಿಪ್ ಅಂದುಕೊಂಡು ಸಹಿ ಹಾಕಬಾರದು. ಹಾಗೆ ಮಾಡಿದರೆ ಇದ್ದೊಂದು ಮನೆಯೂ ಕೈಬಿಟ್ಟು ಹೋದೀತು.

ಹಿಂದೆ ಹೀಗೆ ಹೋದವರು

ಡಾ. ಅಂಬೇಡ್ಕರ್ ಅವರ ಹೆಸರು ನಿಮಗೆ ಗೊತ್ತು. 1913ರಲ್ಲಿ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಬರೋಡಾ ಸಂಸ್ಥಾನದ ಮಹಾರಾಜ ಸಯಾಜಿರಾವ್ ಗಾಯಕವಾಡರು ನೆರವು ಕೊಟ್ಟರು. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಆದರೆ ಅದಕ್ಕೂ ಒಂದು ಕರಾರು ಇತ್ತು. ಓದು ಮುಗಿದ ಮೇಲೆ 10 ವರ್ಷ ಬರೋಡಾದಲ್ಲಿ ಸೇವೆ ಮಾಡಬೇಕು. ನೋಡಿದಿರಾ? ಸ್ಕಾಲರ್‌ಶಿಪ್‌ಗೂ ಷರತ್ತು ಇರುತ್ತದೆ. ಅದನ್ನೂ ಓದಬೇಕು.

ಹೆಣ್ಣುಮಕ್ಕಳು ಹೋಗಿಲ್ಲವೇ? ಹೋಗಿದ್ದಾರೆ. ರಾಜೇಶ್ವರಿ ಚಟರ್ಜಿ ಕರ್ನಾಟಕದಲ್ಲಿ ಹುಟ್ಟಿದವರು. ಬೆಂಗಳೂರಲ್ಲಿ ಓದಿದವರು. ಅವರಿಗೆ ಭಾರತ ಸರಕಾರದ ವಿದ್ಯಾರ್ಥಿವೇತನ ಸಿಕ್ಕಿತು. 1947ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಹಡಗಿನ ದಾರಿ ಸುಮಾರು ಒಂದು ತಿಂಗಳು. ಅಲ್ಲಿ ಓದಿ ಮರಳಿ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಮಾಡಿದರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದರು.

ಈ ಇಬ್ಬರೂ ಇಲ್ಲಿ ಡಿಗ್ರಿ ಮುಗಿಸಿ ಹೋದವರು. ಇದನ್ನು ನೆನಪಿಡಿ.

ಪಿ.ಯು.ಸಿ. ಮುಗಿದ ಕೂಡಲೇ ಹೋಗಬಹುದೇ?

ಹೋಗಬಹುದು. ಡಿಗ್ರಿ ಓದಿಗೆ ನೆರವು ಕೊಡುವುದು ಹೆಚ್ಚಾಗಿ ಆ ದೇಶದ ಸರಕಾರಗಳೇ. ಎರಡು ಉದಾಹರಣೆ ನೋಡಿ.

ಜಪಾನ್: ಕಾಲೇಜಿನ ಫೀಸು ಅವರದು. ಹೋಗಿ ಬರುವ ವಿಮಾನದ ಟಿಕೆಟ್ ಅವರದು. ಖರ್ಚಿಗೆ ತಿಂಗಳಿಗೆ 1,17,000 ಯೆನ್. ಯೆನ್ ಅಂದರೆ ಅವರ ದುಡ್ಡು. ನಮ್ಮ ಲೆಕ್ಕದಲ್ಲಿ ಸುಮಾರು 60 ಸಾವಿರ ರೂಪಾಯಿಗೂ ಹೆಚ್ಚು. ಓದು ಸಾಮಾನ್ಯವಾಗಿ 5 ವರ್ಷ. ಮೊದಲ ವರ್ಷ ಜಪಾನಿ ಭಾಷೆ ಕಲಿಯಬೇಕು. ಆಯ್ಕೆಗೆ ಪರೀಕ್ಷೆ ಇದೆ. ಜಪಾನಿನ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕಬೇಕು.

ಹಂಗೇರಿ: ಇದು ಯುರೋಪಿನ ಒಂದು ಸಣ್ಣ ದೇಶ. ಅಲ್ಲಿ ಫೀಸು ಇಲ್ಲ. ತಿಂಗಳಿಗೆ 43,700 ಫೋರಿಂಟ್ ಕೊಡುತ್ತಾರೆ. ನಮ್ಮ ಲೆಕ್ಕದಲ್ಲಿ ಸುಮಾರು 10 ಸಾವಿರ ರೂಪಾಯಿ. ಅಲ್ಲಿನ ಊಟ, ಖರ್ಚಿಗೆ ಇದು ಸಾಲದು. ವಿಮಾನದ ಟಿಕೆಟ್ಟೂ ನಮ್ಮದೇ. ಇದಕ್ಕೆ ಎರಡು ಕಡೆ ಅರ್ಜಿ ಹಾಕಬೇಕು. ಹಂಗೇರಿಯವರಿಗೆ ಒಂದು, ನಮ್ಮ ಕೇಂದ್ರ ಶಿಕ್ಷಣ ಸಚಿವಾಲಯಕ್ಕೆ ಒಂದು.

ಎರಡಕ್ಕೂ ಹೆಸರು ಒಂದೇ, ಸ್ಕಾಲರ್‌ಶಿಪ್. ಒಂದರಲ್ಲಿ ಪೂರ್ತಿ ಖರ್ಚು ಸಿಗುತ್ತದೆ. ಇನ್ನೊಂದರಲ್ಲಿ ಸ್ವಲ್ಪ ಸಿಗುತ್ತದೆ. ಅದಕ್ಕೇ ಕೇಳಬೇಕು: ಫೀಸು ಯಾರದು? ಊಟ ಯಾರದು? ಟಿಕೆಟ್ ಯಾರದು?

ಡಿಗ್ರಿ ಮುಗಿಸಿ ಹೋಗುವುದಾದರೆ?

ನಮ್ಮ ಸರಕಾರದ ನೆರವು ಹೆಚ್ಚಾಗಿ ಡಿಗ್ರಿ ಆದ ಮೇಲಿನ ಓದಿಗೆ. ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಲ್ಲಿ ಶುರುವಾಯಿತು. ಸಾಗರೋತ್ತರ ಅಂದರೆ ಸಮುದ್ರದ ಆಚೆಯದು. ಇದು ಪರಿಶಿಷ್ಟ ಜಾತಿಯವರಿಗೆ, ಅಲೆಮಾರಿಗಳಿಗೆ, ಭೂಮಿ ಇಲ್ಲದ ಕೃಷಿ ಕೂಲಿಕಾರರ ಮಕ್ಕಳಿಗೆ, ಪರಂಪರೆಯ ಕುಶಲಕರ್ಮಿಗಳಿಗೆ. ದೇಶಕ್ಕೆಲ್ಲ ವರ್ಷಕ್ಕೆ 125 ಜನ. ಅದರಲ್ಲಿ ನೂರಕ್ಕೆ 30 ಹೆಣ್ಣುಮಕ್ಕಳಿಗೆ ಮೀಸಲು. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿರಬೇಕು. ಪರಿಶಿಷ್ಟ ಪಂಗಡದವರಿಗೆ ಬೇರೆ ಯೋಜನೆ ಇದೆ.

ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ 'ಪ್ರಬುದ್ಧ' ಎಂಬ ಯೋಜನೆ ಬಂದಿದೆ. ಇಂಥ ಯೋಜನೆಗಳ ನಿಯಮ ಬದಲಾಗುತ್ತ ಇರುತ್ತದೆ. ಈ ವರ್ಷ ಯಾವ ಓದಿಗೆ, ಯಾರಿಗೆ ಎಂದು ತಾಲೂಕಿನ ಸಮಾಜ ಕಲ್ಯಾಣ ಕಚೇರಿಯಲ್ಲಿ ಕೇಳಿ.

ಅಲ್ಪಸಂಖ್ಯಾತ ಮಕ್ಕಳ ಸಾಲದ ಬಡ್ಡಿ ಕಟ್ಟುವ ಒಂದು ಕೇಂದ್ರ ಯೋಜನೆ ಇತ್ತು. ಅದರ ಹೆಸರು 'ಪಢೋ ಪರದೇಸ್'. ಅದು 2022-23ರಲ್ಲಿ ನಿಂತಿತು. ಈಗಲೂ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾಗಿ ಮಗಳು ಈಗಲೇ ಹೋಗದಿದ್ದರೆ ಬಾಗಿಲು ಮುಚ್ಚಿತು ಅಂತ ಅಲ್ಲ. ಕುಮಟಾದಲ್ಲಿ ಬಾಳಿಗಾ ಕಾಲೇಜು ಇದೆ. ಹೊನ್ನಾವರದಲ್ಲಿ ಎಸ್.ಡಿ.ಎಂ. ಕಾಲೇಜು ಇದೆ. ಭಟ್ಕಳದಲ್ಲಿ ಅಂಜುಮನ್ ಕಾಲೇಜು ಇದೆ. ಇಲ್ಲೇ ಡಿಗ್ರಿ ಓದಿ, ಒಳ್ಳೆ ಮಾರ್ಕು ತೆಗೆದು, ಆಮೇಲೂ ಹೋಗಬಹುದು.

ತಾಯಿ ಏನು ಮಾಡಬಹುದು?

ಅರ್ಜಿ ತುಂಬುವುದು ಕಂಪ್ಯೂಟರಿನಲ್ಲಿ. ಅದನ್ನು ಮಕ್ಕಳು ಮಾಡುತ್ತಾರೆ. ಕಾಗದ ಪತ್ರ ಜೋಡಿಸುವ ಕೆಲಸ ನೀವು ಮಾಡಬಹುದು.

ಹತ್ತನೇ ತರಗತಿ ಮತ್ತು ಪಿ.ಯು.ಸಿ. ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಒಂದು ಚೀಲದಲ್ಲಿಡಿ. ಎಲ್ಲದರಲ್ಲೂ ಹೆಸರು ಒಂದೇ ರೀತಿ ಇದೆಯೇ? ತಂದೆಯ ಹೆಸರು, ಹುಟ್ಟಿದ ತಾರೀಕು ಸರಿಯಿದೆಯೇ? ಒಂದಕ್ಷರ ತಪ್ಪಿದ್ದರೂ ಈಗಲೇ ತಿದ್ದಿಸಿ. ಕಡೇ ದಿನ ತಿದ್ದಲಿಕ್ಕೆ ಆಗುವುದಿಲ್ಲ. ಜಾತಿ, ಆದಾಯದ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಆದಾಯದ ಪತ್ರಕ್ಕೆ ಅವಧಿ ಇದೆ. ಅದು ಮುಗಿದಿದೆಯೇ ನೋಡಿ. ದೊಡ್ಡವರ ಮಾಮೂಲು ಪಾಸ್‌ಪೋರ್ಟಿಗೆ ಸರಕಾರದ ಫೀಸು 1,500 ರೂಪಾಯಿ.

ಮೋಸದ ಮಾತು ಯಾವುದು?

"ದುಡ್ಡು ಕೊಟ್ಟರೆ ಸರಕಾರದ ಸ್ಕಾಲರ್‌ಶಿಪ್ ಮಾಡಿಸಿ ಕೊಡ್ತೇನೆ." ಇದು ಮೋಸ. ಸರಕಾರದ ಸ್ಕಾಲರ್‌ಶಿಪ್ಪನ್ನು ಯಾರೂ ಮಾರುವಂತಿಲ್ಲ.

"ನೀಟ್ ಬೇಡ, ಹೊರದೇಶದಲ್ಲಿ ಡಾಕ್ಟರ್ ಮಾಡಿಸ್ತೇನೆ." ಇದೂ ಮೋಸ. ನೀಟ್ ಪಾಸಾಗದೆ ಹೋದವರು ಇಲ್ಲಿಗೆ ಬಂದು ಡಾಕ್ಟರ್ ಕೆಲಸ ಮಾಡುವಂತಿಲ್ಲ. ನೀಟ್ ಪಾಸಾಗಿ ಹೋದವರೂ ಮರಳಿ ಬಂದು ಇನ್ನೊಂದು ಪರೀಕ್ಷೆ ಪಾಸಾಗಬೇಕು.

"ಖಾಲಿ ಕಾಗದಕ್ಕೆ ಸಹಿ ಹಾಕಿ, ಆಮೇಲೆ ಬರೆದುಕೊಳ್ತೇನೆ." ಇದಕ್ಕೆ ಎಂದೂ ಒಪ್ಪಬೇಡಿ.

ಯಾರಾದರೂ ಅವಸರ ಮಾಡಿದರೆ ಹೀಗೆ ಹೇಳಿ: "ಕಾಗದ ಇಲ್ಲಿಟ್ಟು ಹೋಗಿ. ನಾನು ಓದಿ ನೋಡ್ತೇನೆ. ನಾಳೆ ಹೇಳ್ತೇನೆ." ರಾತ್ರಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಕಾಗದ ಇಂಗ್ಲಿಷಿನಲ್ಲಿದ್ದರೆ ಅವಳು ಓದಿ ಕನ್ನಡದಲ್ಲಿ ಹೇಳಲಿ. ಅರ್ಥ ಆಗದ ಮಾತಿಗೆ ಗೆರೆ ಎಳೆದು ಅವಳ ಕಾಲೇಜಿನ ಮೇಷ್ಟ್ರನ್ನೋ ಟೀಚರನ್ನೋ ಕೇಳಿ.

ಮಗಳು ದೂರ ಹೋಗಲಿ, ಓದಿ ಬರಲಿ. ಅವಳು ತಿರುಗಿ ಬರುವಾಗ ಮನೆ ನಮ್ಮದಾಗಿಯೇ ಇರಲಿ.

ನೀವೇ ಹೇಳಿ

1. ವಿದ್ಯಾರ್ಥಿವೇತನಕ್ಕೂ ಸಾಲಕ್ಕೂ ವ್ಯತ್ಯಾಸ ಏನು?
2. ಯಾವ ಮೂರು ಖರ್ಚಿನ ಬಗ್ಗೆ ಕೇಳಬೇಕು?
3. ನಿಮ್ಮ ಮಗ, ಮಗಳ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಹೆಸರು ಒಂದೇ ಇದೆಯೇ? ಇಂದೇ ತೆಗೆದು ಓದಿ.